ನಾಲ್ಕನೇ ಅಧ್ಯಾಯದ ‘ನಾವು’

ಕಾಟಿಪಳ್ಳ
4 ನವೆಂಬರ್ 2024

ಅಕ್ಷಿತಾ,

ಫೋನಿನಲ್ಲಿ ನಿನ್ನನ್ನು ಬ್ಲಾಕ್ ಮಾಡಿದ್ದೇನೆ. ಹೇಳುವುದೇನಾದರೂ ಇದ್ದರೆ ಕಾಗದದಲ್ಲಿ ಬರೆದು, ಕೆಳಗೆ ಸಹಿ ಹಾಕಿ ಕಳಿಸು. ಚರಿತ್ರೆ ಬರೆಯುವವಳು ನೀನು, ನಿನ್ನ ಮಾತು ಬರಹದಲ್ಲಿಯೇ ಇರಲಿ. ವಕೀಲಿ ಮಾಡುವ ನನಗೂ ಅದೇ ಅನುಕೂಲ.

ನೀನು ಕಳಿಸಿದ ಕರಡು ಓದಿದೆ. ಬಂದರು ಕಟ್ಟಲಿಕ್ಕೆಂದು ಪಣಂಬೂರಿನಿಂದ ಎಬ್ಬಿಸಿ ನಮ್ಮ ಎರಡೂ ಮನೆಯವರನ್ನು ಈ ಗುಡ್ಡೆಗೆ ತಂದು ಬಿಟ್ಟ ಕಥೆಯನ್ನು ಕೊನೆಗೂ ಒಬ್ಬಳು ಬರೆದಳಲ್ಲ ಎಂದು ಎಷ್ಟು ಹೆಮ್ಮೆಯಾಯಿತು ಗೊತ್ತುಂಟಾ? ಮೊದಲ ಮೂರು ಅಧ್ಯಾಯಗಳನ್ನು ಉಪ್ಪನಿಗೂ ಓದಿ ಹೇಳಿದೆ. ಅಂಗಡಿಯ ಗಲ್ಲಾದ ಹಿಂದೆ ಕೂತು ಕಣ್ಣು ಮುಚ್ಚಿಕೊಂಡು ಕೇಳಿದರು. ನಾಲ್ಕನೆಯದಕ್ಕೆ ಬಂದಾಗ ನನ್ನ ನಾಲಗೆ ನಿಂತಿತು.

“ಊರು ಒಗ್ಗಟ್ಟಾಗಿ ನಿಂತಿದ್ದ ಹೊತ್ತಿನಲ್ಲಿ ಜಾಗ ಬಿಡಲು ಮೊದಲು ಒಪ್ಪಿಗೆ ಕೊಟ್ಟವರು ಮೂಸಬ್ಬ. ಒಗ್ಗಟ್ಟು ಮುರಿದದ್ದು ಅಲ್ಲಿಂದ.”

ಮೂಸಬ್ಬ ಯಾರು ಮಾರಾಯ್ತಿ? ನನ್ನ ಅಜ್ಜ. ನನ್ನನ್ನು ಹೆತ್ತ ಉಪ್ಪ ಹಾಶಿಂ ಎಂಬವರ ತಂದೆ. ಆ ಹಾಶಿಂ ನಿನಗೆ ಶಾಲೆಯಿಂದ ಬರುವಾಗ ಬೆಲ್ಲದ ಮಿಠಾಯಿ ಕೊಡುತ್ತಿದ್ದ ಮನುಷ್ಯ. ‘ಊರು ಕೊಟ್ಟ ಮೂಸಬ್ಬನ ಮಗ’ ಎಂದು ಅವರನ್ನು ಶಾಲೆಯಲ್ಲಿ ಕರೆದರು, ಮದುವೆಯಲ್ಲಿ ಕರೆದರು, ಜಗಳವಾದಾಗಲೆಲ್ಲ ಕರೆದರು. ಇಷ್ಟು ದಿನ ಅದು ಬಾಯಿಮಾತಾಗಿತ್ತು. ಈಗ ನೀನು ಅಚ್ಚು ಹಾಕಿಸುತ್ತೀ. ಇವತ್ತಿನ ದಿನದಲ್ಲಿ, ಈ ಊರಿನಲ್ಲಿ, ಒಬ್ಬ ಬ್ಯಾರಿ ಮುಸಲ್ಮಾನ ಊರು ಕೊಟ್ಟ ಎಂದು ಬರೆದರೆ ಅದನ್ನು ಯಾರು ಎಲ್ಲೆಲ್ಲಿ ಓದುತ್ತಾರೆ ಎಂದು ನಾನು ನಿನಗೆ ಹೇಳಿಕೊಡಬೇಕಾ?

ಆ ವಾಕ್ಯ ತೆಗೆ. ತೆಗೆಯುವವರೆಗೆ ನಾನು ನಿನ್ನ ಗೆಳತಿಯಲ್ಲ.

ಸುಹೈಲಾ


ಬಿಜೈ, ಮಂಗಳೂರು
11 ನವೆಂಬರ್ 2024

ಸುಹೈಲಾ,

ನಿನ್ನ ಕಾಗದ ಬಂದಾಗ ಪಕ್ಕದ ಮನೆಯ ವಿನಿಫ್ರೆಡ್ ಬಾಯಿ “ಎಂತ, ಕೋರ್ಟ್ ನೋಟೀಸಾ?” ಎಂದು ಕೇಳಿದರು. ಹೌದು ಎಂದೆ.

ನನಗೂ ಸಿಟ್ಟು ಬಂದಿದೆ, ಆದ್ದರಿಂದ ನೇರವಾಗಿ ಬರೆಯುತ್ತೇನೆ. ಆ ವಾಕ್ಯವನ್ನು ನಾನು ನನ್ನ ತಲೆಯಿಂದ ಹುಟ್ಟಿಸಿದ್ದಲ್ಲ. ನಿರ್ವಸಿತರ ಸಂಘದ ಹಳೆಯ ಸ್ಮರಣ ಸಂಚಿಕೆಯಲ್ಲಿ ಹಾಗೆಯೇ ಉಂಟು. ನಾನು ಮಾತಾಡಿಸಿದ ಹಿರಿಯರೂ ಒಬ್ಬರ ಹಿಂದೆ ಒಬ್ಬರು ಅದನ್ನೇ ಹೇಳಿದರು, ಅದರಲ್ಲಿ ನಿಮ್ಮವರೂ ಇದ್ದರು. ಅದಕ್ಕೆ ವಿರುದ್ಧವಾಗಿ ಹೇಳಿದವರು ಯಾರೂ ಸಿಗಲಿಲ್ಲ. ಹೀಗಿರುವಾಗ ಬರೆಯದೆ ಬಿಟ್ಟರೆ ಅದು ಚರಿತ್ರೆ ಆಗುವುದಿಲ್ಲ, ಅಭಿನಂದನಾ ಗ್ರಂಥ ಆಗುತ್ತದೆ.

ಕ್ಲಾಸಿನಲ್ಲಿ ಮಕ್ಕಳಿಗೆ ನಾನು ಮೊದಲು ಕಲಿಸುವುದೇ ಇದನ್ನು. ಬೇಕಾದವರ ಬಗ್ಗೆ ಬರೆಯುವಾಗ ಕೈ ಮೃದುವಾಗುತ್ತದೆ, ಅಲ್ಲಿ ಇನ್ನೂ ಗಟ್ಟಿ ಹಿಡಿಯಬೇಕು ಎಂದು. ನಿನ್ನ ಉಪ್ಪನ ಮುಖ ನೆನಪಾಗಿ ಆ ಪುಟ ಎಷ್ಟು ಸಲ ಹೊಡೆದು ಬರೆದೆ ಎಂದು ನಿನಗೆ ಗೊತ್ತಿಲ್ಲ. ಕೊನೆಗೆ ನನ್ನ ಅಜ್ಜ ಲೋಕಯ್ಯನ ಬಗ್ಗೆ ಎಷ್ಟು ನಿಷ್ಠುರವಾಗಿ ಬರೆಯುತ್ತಿದ್ದೆನೋ ಅಷ್ಟೇ ನಿಷ್ಠುರವಾಗಿ ಬರೆದೆ.

ಯೋಗೀಶ್ ಚಿಕ್ಕಪ್ಪ ಈಗ ಸಂಘದ ಅಧ್ಯಕ್ಷರು. ಜನವರಿ ಕೊನೆಗೆ ಸಂಘದ ಸಭಾಭವನದಲ್ಲಿ ಬಿಡುಗಡೆ ಎಂದು ಹಾಲ್ ಕೂಡ ಹಿಡಿದಾಗಿದೆ. ಅಚ್ಚಿಗೆ ಹೋಗಲು ಇನ್ನೂ ಸಮಯ ಉಂಟು. ನಿನಗೆ ಬೇಸರವಾಗಿದೆ ಎಂಬುದು ಸಾಕ್ಷಿಯಲ್ಲ. ಸಾಕ್ಷಿ ತಾ, ವಾಕ್ಯ ತೆಗೆಯುತ್ತೇನೆ. ನೀನು ತರದಿದ್ದರೆ ಅದು ಅಲ್ಲೇ ಇರುತ್ತದೆ.

ಇನ್ನೂ ನಿನ್ನ ಗೆಳತಿಯೇ,
ಅಕ್ಷಿತಾ


ಕಾಟಿಪಳ್ಳ
29 ನವೆಂಬರ್ 2024

ಅಕ್ಷಿತಾ,

ಸಾಕ್ಷಿ ಬೇಕಲ್ಲ? ತೆಗೆದುಕೋ.

ಮೊದಲು ನಿನ್ನ ಸಾಕ್ಷಿಗಳ ಬಗ್ಗೆ. ಸ್ಮರಣ ಸಂಚಿಕೆ ಬರೆದವರು ಕೇಳಿ ಬರೆದರು. ನಿನ್ನ ಹಿರಿಯರು ಸ್ಮರಣ ಸಂಚಿಕೆ ಓದಿ ಹೇಳಿದರು. ನೀನು ಹಿರಿಯರನ್ನು ಕೇಳಿ ಬರೆದೆ. ಎಲ್ಲ ಒಂದೇ ಬಾವಿಯ ನೀರು ಮಾರಾಯ್ತಿ, ಕೊಡ ಮಾತ್ರ ಬೇರೆ ಬೇರೆ. ನಮ್ಮ ಕೋರ್ಟಿನಲ್ಲಿ ಇಂಥದ್ದನ್ನು ತಂದರೆ ಜಡ್ಜು ಕನ್ನಡಕ ತೆಗೆದು ಮುಖ ನೋಡುತ್ತಾರೆ. ಜಾಗ ಬಿಡುವಾಗ ಬುದ್ಧಿ ಬಲಿತ ವಯಸ್ಸಿನಲ್ಲಿದ್ದು, ಎಲ್ಲವನ್ನೂ ಅಲ್ಲಿಯೇ ಇದ್ದು ಕಂಡವರು ನಿನ್ನ ಪಟ್ಟಿಯಲ್ಲಿ ಒಬ್ಬರೇ. ಅದು ನಿನ್ನ ಸ್ವಂತ ಅಜ್ಜಿ, ಲೋಕಯ್ಯಜ್ಜನ ಹೆಂಡತಿ ಕುಶಲಾ.

ಅವರ ಮಾತನ್ನು ನೀನು ಪುಸ್ತಕದಲ್ಲಿ ಹೀಗೆ ಹಾಕಿದ್ದೀ: “ನಾವು ಮೊದಲೇ ಒಪ್ಪಿಬಿಟ್ಟೆವು ಮಗಾ, ಮತ್ತೆ ಎಂತ ಮಾಡುವುದು.” ಅದರ ಕೆಳಗೆ, ಇಡೀ ಊರು ಸೋತು ಕೈಚೆಲ್ಲಿದ್ದರ ಚಿತ್ರ ಇದು ಎಂದು ವಿವರಣೆ.

ಆ ದಿನ ರೆಕಾರ್ಡ್ ಮಾಡಲು ಫೋನ್ ಹಿಡಿದು ಅಜ್ಜಿಯ ಎದುರು ಕೂತವಳು ನಾನು. ಅಜ್ಜಿ ಮಾತಾಡಿದ್ದು ತುಳುವಿನಲ್ಲಿ. ನೀನು ಕಿವಿಯಲ್ಲಿ ತುಳು ಕೇಳಿ ಕೈಯಲ್ಲಿ ಕನ್ನಡ ಬರೆದುಕೊಳ್ಳುತ್ತಾ ಇದ್ದೆ, ಮೊದಲಿನಿಂದಲೂ ನಿನ್ನ ಅಭ್ಯಾಸ ಅದು. ಕನ್ನಡದಲ್ಲಿ ‘ನಾವು’ ಒಂದೇ. ತುಳುವಿನಲ್ಲಿ ಎರಡು ಎಂದು ನಿನಗೆ ನಾನು ಕಲಿಸುವುದಾ? ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’. ಕೇಳುವವರನ್ನು ಹೊರಗಿಟ್ಟರೆ ‘ಎಂಕುಲು’.

ಅಜ್ಜಿ ನನ್ನನ್ನೇ ನೋಡಿ ಹೇಳಿದ್ದು, “ಎಂಕುಲು ದುಂಬೇ ಒತ್ತೊಂಡ” ಎಂದು. ಇಡೀ ಊರು ಒಪ್ಪಿತು ಎಂದಾಗಿದ್ದರೆ ಮೂಸಬ್ಬನ ಮೊಮ್ಮಗಳ ಹತ್ತಿರ ‘ನಮ’ ಎನ್ನುತ್ತಿದ್ದರು. ಎಂಕುಲು ಎಂದರೆ ನಿಮ್ಮ ಮನೆಯವರಲ್ಲ, ನಾವು. ಅರ್ಥವಾಯಿತಾ? ಮೊದಲು ಒಪ್ಪಿದ್ದು ನಿನ್ನ ಲೋಕಯ್ಯಜ್ಜ. ಯಾರ ಹೆಸರಿನ ಕಮಾನು ಸಂಘದ ಬಾಗಿಲಲ್ಲಿ ಉಂಟೋ ಅವರು.

ರೆಕಾರ್ಡ್ ನಿನ್ನ ಹತ್ತಿರವೇ ಉಂಟು. ಹಾಕಿ ಕೇಳು. ಆಮೇಲೆ ಎಷ್ಟು ನಿಷ್ಠುರವಾಗಿ ಬರೆಯುತ್ತೀ, ನೋಡುತ್ತೇನೆ.

ಸುಹೈಲಾ


ಬಿಜೈ
16 ಡಿಸೆಂಬರ್ 2024

ಸುಹೈಲಾ,

ಕೇಳಿದೆ. ‘ಎಂಕುಲು’ ಎಂದೇ ಉಂಟು. ಅಯ್ಯೋ, ನನ್ನ ತಾಯಿನುಡಿ ಅದು! ಬೇರೆ ಊರಿನಿಂದ ಬಂದವಳು ಈ ತಪ್ಪು ಮಾಡುತ್ತಿರಲಿಲ್ಲ, ಅವಳು ಪ್ರತಿ ಶಬ್ದಕ್ಕೂ ಅರ್ಥ ಕೇಳಿ ಬರೆದುಕೊಳ್ಳುತ್ತಿದ್ದಳು. ಮನೆಯ ಮಾತು ಎಂದು ನಾನು ಕೇಳಲೇ ಇಲ್ಲ.

ಮರುದಿನವೇ ಕಾಟಿಪಳ್ಳಕ್ಕೆ ಹೋದೆ. ನಿನ್ನ ಮನೆಯ ಎದುರಿನಿಂದಲೇ ಹೋದೆ, ಬಾಗಿಲು ಹಾಕಿತ್ತು. ಅಜ್ಜಿಯ ಹತ್ತಿರ ಮೊದಲು ಒಪ್ಪಿದ್ದು ಯಾರು ಎಂದು ಕೇಳುವಷ್ಟರಲ್ಲಿ ಯೋಗೀಶ್ ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. “ಕೇಳು ಕೇಳು, ನಾನೂ ಕೇಳ್ತೇನೆ” ಎಂದರು. ಅಜ್ಜಿ ಒಮ್ಮೆ ಅವರ ಮುಖ ನೋಡಿದರು, ಒಮ್ಮೆ ನನ್ನದು.

“ನಮ ಮಾತೆರ್ಲಾ ಒಟ್ಟುಗೇ ಒತ್ತೊಂಡ” ಎಂದರು. ನಾವೆಲ್ಲರೂ ಒಟ್ಟಿಗೇ ಒಪ್ಪಿದ್ದು ಎಂದು. ಮತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಒಳಗೆ ಹೋದರು.

ಈಗ ನನ್ನ ಹತ್ತಿರ ಒಬ್ಬಳೇ ಸಾಕ್ಷಿಯ ಎರಡು ಮಾತುಗಳುಂಟು. ಮೊದಲನೆಯದನ್ನು ಹೇಳುವಾಗ ಅವರಿಗೆ ಯಾವ ಭಯವೂ ಇರಲಿಲ್ಲ, ಎರಡನೆಯದನ್ನು ಹೇಳುವಾಗ ಮಗ ಪಕ್ಕದಲ್ಲಿದ್ದ. ಬೇರೆಯವರ ಅಜ್ಜಿಯಾಗಿದ್ದರೆ ಯಾವುದನ್ನು ನಂಬಬೇಕು ಎಂದು ನಾನು ಕ್ಷಣದಲ್ಲಿ ಹೇಳುತ್ತಿದ್ದೆ. ಈಗ ಹೇಳಲಾಗುತ್ತಿಲ್ಲ, ಅದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ.

“ಮೊದಲು ಒಪ್ಪಿದವರು ಯಾರೆಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ” ಎಂದು ಬರೆದರೆ ಹೇಗೆ? ಯಾರ ಹೆಸರೂ ಬರುವುದಿಲ್ಲ. ಯೋಚಿಸಿ ಹೇಳು.

ಅಕ್ಷಿತಾ


ಕಾಟಿಪಳ್ಳ
21 ಡಿಸೆಂಬರ್ 2024

ಭಿನ್ನಾಭಿಪ್ರಾಯವಂತೆ!

ಮೂಸಬ್ಬನ ಹೆಸರು ಬರೆಯುವಾಗ ನಿನಗೆ ಒಂದೂ ಭಿನ್ನಾಭಿಪ್ರಾಯ ಕಾಣಲಿಲ್ಲ. ಲೋಕಯ್ಯನ ಹೆಸರು ಬಂದ ಕೂಡಲೇ ಎಲ್ಲಿಂದ ಬಂತು ಅದು? ಭೇಷ್ ಅಕ್ಷಿತಾ. ನಿನ್ನ ಮಕ್ಕಳಿಗೆ ಕ್ಲಾಸಿನಲ್ಲಿ ಇದನ್ನೂ ಕಲಿಸು.

ಪುಸ್ತಕದ ಸುದ್ದಿ ಊರಿಗೆಲ್ಲ ಗೊತ್ತಾಗಿದೆ. ಮೊನ್ನೆ ನನ್ನ ತಮ್ಮ ರಿಯಾಝ್ ಗೂಡ್ಸ್ ಟೆಂಪೋ ನಿಲ್ಲಿಸುವ ಜಾಗದಲ್ಲಿ ಒಬ್ಬ ಹೇಳಿದನಂತೆ, “ನಿಮ್ಮ ಅಜ್ಜ ಮಾಡಿದ್ದು ಈಗ ಪುಸ್ತಕದಲ್ಲೇ ಬರ್ತದಂತಲ್ಲ, ಇನ್ನೆಂತ ಹೇಳ್ತೀರಿ?” ರಿಯಾಝ್ ಕೈ ಎತ್ತಿದ್ದಾನೆ. ನಡುವೆ ಬಿದ್ದು ಬಿಡಿಸಿದ್ದು ಪಂಚರ್ ಅಂಗಡಿಯ ಕ್ಯಾಲ್ವಿನ್. ಬಿಡಿಸದಿದ್ದರೆ ಆ ಸಂಜೆ ಏನಾಗುತ್ತಿತ್ತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆವತ್ತಿನಿಂದ ಉಪ್ಪ ಅಂಗಡಿ ತೆರೆದಿಲ್ಲ. ಕೇಳಿದರೆ ಸೊಂಟ ನೋವು ಎನ್ನುತ್ತಾರೆ.

ನಿನಗೆ ಇದು ಒಂದು ವಾಕ್ಯ. ನಮಗೆ ಮನೆಯಿಂದ ಹೊರಗೆ ಕಾಲಿಡುವ ಪ್ರಶ್ನೆ.

ಇನ್ನು ಬರೆಯಬೇಡ.

ಸುಹೈಲಾ


ಕಾಟಿಪಳ್ಳ
6 ಜನವರಿ 2025

ಚಿ. ಅಕ್ಷಿತಾಳಿಗೆ ಆಶೀರ್ವಾದಗಳು.

ನೀನು ಪ್ರೆಸ್ಸಿಗೆ ಫೋನ್ ಮಾಡಿ ನಾಲ್ಕನೇ ಅಧ್ಯಾಯ ನಿಲ್ಲಿಸಿದ್ದೀ ಎಂದು ತಿಳಿಯಿತು. ಸಂಘದ ಪದಾಧಿಕಾರಿಗಳು ನನ್ನನ್ನು ಕೇಳುತ್ತಿದ್ದಾರೆ. ನನ್ನ ತಂದೆ ದಿ. ಲೋಕಯ್ಯನವರು ಈ ಊರಿಗಾಗಿ ಹೋರಾಡಿದವರು ಎಂಬುದಕ್ಕೆ ನಿನ್ನ ಪುಸ್ತಕದ ಅಗತ್ಯ ಇಲ್ಲ. ಆದರೆ ಅವರ ಹೆಸರಿಗೆ ಮಸಿ ಬಳಿಯುವ ಪುಸ್ತಕ ಸಂಘದ ವೇದಿಕೆಯಲ್ಲಿ ಬಿಡುಗಡೆ ಆಗುವುದಿಲ್ಲ, ಆ ಪುಸ್ತಕ ಬರೆದವಳು ಈ ಮನೆಯ ಮೆಟ್ಟಿಲು ಹತ್ತುವುದೂ ಇಲ್ಲ.

ಅಜ್ಜಿಗೆ ವಯಸ್ಸಾಗಿದೆ. ಅವರನ್ನು ಪುನಃ ಪುನಃ ಪ್ರಶ್ನೆ ಕೇಳಿ ಹಿಂಸೆ ಕೊಡಬೇಡ. ಮೊದಲು ಹೇಗಿತ್ತೋ ಹಾಗೆಯೇ ಅಚ್ಚಾಗಲಿ. ನಿನ್ನ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ.

ಇತಿ ನಿನ್ನ ಚಿಕ್ಕಪ್ಪ,
ಯೋಗೀಶ್


ಬಿಜೈ
19 ಜನವರಿ 2025

ಸುಹೈಲಾ,

ಬರೆಯಬೇಡ ಎಂದಿದ್ದೀ. ಬರೆಯದೆ ಇರಲಾಗದ ಕಾರಣ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈ.

ಮೊನ್ನೆ ಚಿಕ್ಕಪ್ಪ ಯಾರನ್ನೋ ಕರೆತರಲು ಬಜಪೆ ಏರ್‌ಪೋರ್ಟಿಗೆ ಹೋದ ಹೊತ್ತು ನೋಡಿ ಅಜ್ಜಿಯ ಹತ್ತಿರ ಹೋದೆ. ಕದ್ದು ಹೋದೆ ಎಂದೇ ಇಟ್ಟುಕೋ. ಅಜ್ಜಿ ಹಿತ್ತಿಲಿನಲ್ಲಿ ಬಸಳೆ ಚಪ್ಪರಕ್ಕೆ ಹಗ್ಗ ಕಟ್ಟುತ್ತಿದ್ದರು. ಈ ಸಲ ನಾನು ಯಾರು ಮೊದಲು ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಅವರ ಹತ್ತಿರ ಊರಿಗೆ ಬೇಕಾದ ಉತ್ತರ ತಯಾರಿತ್ತು. “ಅಜ್ಜಿ, ಆವತ್ತು ಸುಹೈಲಾಳ ಹತ್ತಿರ ‘ಎಂಕುಲು’ ಅಂದಿರಲ್ಲ, ಆ ಎಂಕುಲು ಎಂದರೆ ಯಾರೆಲ್ಲ?” ಎಂದಷ್ಟೇ ಕೇಳಿದೆ.

ಅಜ್ಜಿ ಹಗ್ಗ ಬಿಟ್ಟರು. “ನಾನು ಮತ್ತು ಬೀಫಾತಿಮ್ಮ” ಎಂದರು.

ಬೀಫಾತಿಮ್ಮ ನಿನ್ನ ಅಜ್ಜಿ. ಮೂಸಬ್ಬರ ಹೆಂಡತಿ.

ನಾನು ಬಾಯಿ ತೆರೆದು ನಿಂತದ್ದು ನೋಡಿ ಅವರಿಗೆ ಸಿಟ್ಟು ಬಂತು. ಅವರ ಮಾತನ್ನು ಈ ಸಲ ತುಳುವಿನಲ್ಲಿಯೇ ಬರೆದುಕೊಂಡಿದ್ದೇನೆ. ನಿನಗೆ ಕನ್ನಡದಲ್ಲಿ ಹೇಳುತ್ತೇನೆ.

“ನೀವೆಲ್ಲ ಬಂದು ಕೇಳುವುದು ಎಂತ? ಊರು ಬಿಡುವಾಗ ಎಷ್ಟು ದುಃಖ ಆಯ್ತು ಅಂತ. ಯಾವ ಊರು? ನಾನು ಅಲ್ಲಿಗೆ ಮದುವೆಯಾಗಿ ಬಂದವಳು. ಅವಳೂ ಹಾಗೆಯೇ. ಬೇಸಿಗೆ ಬಂದರೆ ಬಾವಿಯಲ್ಲಿ ಉಪ್ಪು ನೀರು. ಆ ಕಾದ ಮರಳಿನಲ್ಲಿ ಕೊಡ ಹೊತ್ತುಕೊಂಡು ಎಷ್ಟು ದೂರ ನಡೀಬೇಕು ಅಂತ ನಿನ್ನ ಅಜ್ಜನಿಗೆ ಗೊತ್ತಿತ್ತಾ? ಅವಳಿಗೆ ಹೊಟ್ಟೆಯಲ್ಲಿದ್ದದ್ದು ಹಾಗೆ ಹೋಗುವಾಗಲೇ ಇಳಿದು ಹೋಯ್ತು. ನಾನೇ ನನ್ನ ಸೀರೆ ಸುತ್ತಿ ಅವಳನ್ನು ಮನೆಗೆ ಕರ್ಕೊಂಡು ಬಂದದ್ದು. ಆಫೀಸರ್ ಬಂದು, ಹೊಸ ಜಾಗದಲ್ಲಿ ಬಾವಿ ತೋಡಿಸಿ ಕೊಡ್ತೇವೆ ಅಂದ. ಆ ರಾತ್ರಿಯೇ ನಾವಿಬ್ಬರೂ ಗಂಡಂದಿರ ಹತ್ತಿರ ಹಟ ಹಿಡಿದೆವು. ಒಪ್ಪಿ ಬನ್ನಿ, ಇಲ್ಲದಿದ್ದರೆ ನಾವು ನಮ್ಮ ತವರಿಗೆ ಹೋಗ್ತೇವೆ ಅಂತ.”

ಇಬ್ಬರು ಗಂಡಸರೂ ಒಟ್ಟಿಗೇ ಆಫೀಸಿಗೆ ಹೋದರಂತೆ. ಬರುವಾಗ ನನ್ನ ಅಜ್ಜ ಯಾರ ಕಣ್ಣಿಗೂ ಬೀಳಬಾರದೆಂದು ಸಮುದ್ರದ ಬದಿಯಿಂದ ಬಂದರು. ನಿನ್ನ ಅಜ್ಜ ರಸ್ತೆಯಲ್ಲಿ ಬಂದು ಚಹಾದಂಗಡಿಯಲ್ಲಿ ಕೂತರು. ಕೇಳಿದವರಿಗೆ “ಹೌದು, ಒಪ್ಪಿ ಬಂದೆ” ಎಂದರು. ಜೊತೆಗೆ ಯಾರಿದ್ದರು ಎಂದು ಹೇಳಲಿಲ್ಲ. ಮರುವಾರ ಸಭೆಯಲ್ಲಿ ಊರೆಲ್ಲ ಮೂಸಬ್ಬರನ್ನು ಬೈಯುವಾಗ ಲೋಕಯ್ಯಜ್ಜ ಮುಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದರು. ಮುಂದೆ ಅದೇ ಸಭೆಗಳಲ್ಲಿ ಎದ್ದು ಭಾಷಣ ಮಾಡಿದರು.

“ನೀವು ಯಾಕೆ ಹೇಳಲಿಲ್ಲ ಅಜ್ಜಿ?”

“ಹೇಳಿದರೆ ಈ ಮನೆಯ ಮರ್ಯಾದೆ ಎಲ್ಲಿ ಉಳೀತಿತ್ತು? ಬೀಫಾತಿಮ್ಮ ಮತ್ತೆ ನನ್ನ ಜೊತೆ ನೀರಿಗೆ ಬರಲಿಲ್ಲ. ಇಲ್ಲಿ ಕಾಟಿಪಳ್ಳದಲ್ಲಿ ಎದುರು ಬದುರು ಮನೆ, ಸಾಯುವವರೆಗೆ ಮಾತಿಲ್ಲ. ಆವತ್ತು ಆ ಹುಡುಗಿ ಫೋನ್ ಹಿಡ್ಕೊಂಡು ಅವಳ ಹಾಗೆಯೇ ತಲೆ ಓರೆ ಮಾಡಿ ಕೂತಳು. ನನಗೆ ತಡೀಲಿಕ್ಕೆ ಆಗಲಿಲ್ಲ.”

ಸುಹೈಲಾ, ಅಜ್ಜಿಯ ‘ಎಂಕುಲು’ ಹೊರಗಿಟ್ಟದ್ದು ನಿನ್ನೊಬ್ಬಳನ್ನೇ ಅಲ್ಲ. ನನ್ನನ್ನೂ ಹೊರಗಿಟ್ಟಿತ್ತು. ನಿನಗೆ ಅದರಲ್ಲಿ ಜಾತಿ ಕೇಳಿಸಿತು, ನನಗೆ ಊರು ಕೇಳಿಸಿತು. ಅವರು ಹೇಳಿದ್ದು ತಮ್ಮಿಬ್ಬರ ಮಾತು. ನನ್ನ ಪುಸ್ತಕದ ತುಂಬ ‘ಊರವರು ಅತ್ತರು’, ‘ಊರವರು ಹೋರಾಡಿದರು’ ಎಂದು ಬರೆದಿದ್ದೇನೆ. ತಿರುಗಿ ನೋಡಿದರೆ ಆ ಊರವರಲ್ಲಿ ಒಬ್ಬಳೂ ಹೆಂಗಸಿಲ್ಲ, ಅಜ್ಜಿಯ ಮಾತನ್ನೂ ಊರಿನ ಮಾತು ಮಾಡಿಬಿಟ್ಟೆ. ನಿಮಗೆ ಆ ಊರು ಬೇಕಿತ್ತಾ ಎಂದು ನಾನು ಯಾರನ್ನೂ ಕೇಳಿಯೇ ಇಲ್ಲ. ನಾಚಿಕೆಯಾಗುತ್ತದೆ.

ಎಲ್ಲವನ್ನೂ ಬರೆಯುತ್ತೇನೆ. ಲೋಕಯ್ಯ ಸಮುದ್ರದ ಬದಿಯಿಂದ ಬಂದದ್ದನ್ನೂ ಬರೆಯುತ್ತೇನೆ, ಹೆಸರು ಹಾಕಲು ಅಜ್ಜಿ ಒಪ್ಪಿದ್ದಾರೆ. ಆದರೆ ಹಾಗೆ ಬರೆದರೆ ಮೂಸಬ್ಬ ಒಪ್ಪಿದ್ದೂ ಉಳಿಯುತ್ತದೆ, ಒಪ್ಪಿಸಿದವರಲ್ಲಿ ನಿನ್ನ ಅಜ್ಜಿಯ ಹೆಸರೂ ಬರುತ್ತದೆ. ನಿನಗೆ ಬೇಕಾಗಿದ್ದದ್ದು ಇದಲ್ಲ ಎಂದು ನನಗೆ ಗೊತ್ತು. ನಾನು ನಿನ್ನ ಅನುಮತಿ ಕೇಳುತ್ತಿಲ್ಲ. ನಿನಗೆ ಹೇಳದೆ ಅಚ್ಚಿಗೆ ಕೊಡಲು ಮಾತ್ರ ನನ್ನಿಂದಾಗುವುದಿಲ್ಲ.

ಅಕ್ಷಿತಾ


ಕಾಟಿಪಳ್ಳ
2 ಫೆಬ್ರವರಿ 2025

ಅಕ್ಷಿತಾ,

ನಿಜ ಹೇಳುತ್ತೇನೆ. ನಿನ್ನ ಕಾಗದ ಓದಿ ಹರಿದು ಹಾಕೋಣ ಅನ್ನಿಸಿತು. ನನ್ನ ಅಜ್ಜನ ಹೆಸರು ತೊಳೆದು ಬೆಳ್ಳಗೆ ಆಗಿ ಬರಬೇಕಿತ್ತು, ಅದರ ಬದಲು ಅಜ್ಜಿಯನ್ನೂ ಎಳೆದು ತಂದೆಯಲ್ಲ ಎಂದು ಮೈ ಉರಿಯಿತು. ಕೋರ್ಟಿನಿಂದ ತಡೆಯಾಜ್ಞೆ ತರುತ್ತೇನೆ ಎಂದು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲಿಯೇ ಅರ್ಜಿ ಬರೆದೆ. ಉಪ್ಪನಿಗೆ ಹೇಳಲಿಲ್ಲ. ಒಂದು ವಾರ ಕಾಗದ ಬ್ಯಾಗಿನಲ್ಲಿಯೇ ಇಟ್ಟುಕೊಂಡು ತಿರುಗಿದೆ.

ಕೊನೆಗೆ ನಿನ್ನೆ ಬೆಳಿಗ್ಗೆ ಚಹಾ ಕೊಡುವಾಗ ಓದಿ ಹೇಳಿದೆ. ಒಂದಕ್ಷರವೂ ಬಿಡಲಿಲ್ಲ. ಉಪ್ಪ ಚಹಾ ಕುಡಿಯಲಿಲ್ಲ. “ನಾನು ಸಣ್ಣವನಿರುವಾಗ ನನ್ನ ಉಪ್ಪನಿಗೆ ಯಾರಾದರೂ ಬೈದರೆ ಉಮ್ಮ ಒಳಗೆ ಹೋಗಿ ಅಳ್ತಿದ್ದಳು. ಬೈಗುಳಕ್ಕೆ ಅಳ್ತಾಳೆ ಅಂತ ತಿಳ್ಕೊಂಡಿದ್ದೆ” ಎಂದರು, ತಮ್ಮ ತಾಯಿಯನ್ನು ನೆನೆದು. ಮತ್ತೆ, “‘ನಿನ್ನಿಂದ ಆಯ್ತು’ ಅಂತ ಉಪ್ಪ ಅವಳಿಗೆ ಒಂದು ಸಲ ಕೂಡ ಹೇಳಲಿಲ್ಲವಲ್ಲ” ಎಂದರು. ಅಷ್ಟು ಹೇಳಿ ಟೋಪಿ ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದರೆ, ಎದುರು ಮನೆಗೆ.

ಅಕ್ಷಿತಾ, ನಾನು ಚಹಾದ ಲೋಟ ಅಲ್ಲೇ ಬಿಟ್ಟೆ. ಹಿಂದೆ ಓಡಿದೆ. ನಿನ್ನ ಚಿಕ್ಕಪ್ಪ ಗೇಟಿಗೆ ಅಡ್ಡ ನಿಂತು “ಎಂತ ಹಾಶಿಮಾಕಾ, ಜಗಳಕ್ಕಾ?” ಎಂದು ಕೇಳಿದರು. ರಿಯಾಝ್ ನಮ್ಮ ಅಂಗಳದಿಂದ ನೋಡುತ್ತಿದ್ದ. ರಸ್ತೆಯಲ್ಲಿ ಎರಡು ಬೈಕು ನಿಂತವು. ಉಪ್ಪ ಹೇಳಿದರು, “ನಿನ್ನ ಅಮ್ಮನ ಹತ್ತಿರ ಒಂದು ಮಾತು ಕೇಳ್ಲಿಕ್ಕುಂಟು ಯೋಗೀಶ. ಕೇಳಿ ಹೋಗ್ತೇನೆ.” ಚಿಕ್ಕಪ್ಪ ಅಲುಗಲಿಲ್ಲ. ಒಳಗಿನಿಂದ ಅಜ್ಜಿಯೇ ಗೋಡೆ ಹಿಡಿದುಕೊಂಡು ಬಂದರು. “ದಾರಿ ಬಿಡು” ಎಂದರು ಮಗನಿಗೆ. ಅವರು ಬಿಟ್ಟರು, ಆದರೆ ಗೇಟಿನಿಂದ ಕೈ ತೆಗೆಯಲಿಲ್ಲ.

ಉಪ್ಪ ಯಾರು ಮೊದಲು ಎಂದು ಕೇಳಲೇ ಇಲ್ಲ. “ಊರು ಬಿಟ್ಟದ್ದಕ್ಕೆ ನನ್ನ ಉಮ್ಮನಿಗೆ ಬೇಸರ ಇತ್ತಾ?” ಎಂದು ಕೇಳಿದರು.

“ಬೇಸರವಾ? ಗಂಡಸರು ಒಪ್ಪಿ ಬಂದರು ಅಂತ ಗೊತ್ತಾದ ದಿನ ಅವಳು ಕೊಡ ಕೆಳಗೆ ಇಟ್ಟು ನಕ್ಕಳು ಮಗಾ. ಅಷ್ಟು ನಕ್ಕಳು, ನನಗೂ ನಗು ಬಂತು. ಇಬ್ಬರೂ ಮರಳಲ್ಲಿ ಕೂತುಬಿಟ್ಟೆವು.”

ಚಿಕ್ಕಪ್ಪ ಮುಖ ಆಚೆ ತಿರುಗಿಸಿದರು. ಬೈಕಿನವರು ಹೋದರು. ಉಪ್ಪ ಮನೆಗೆ ಬಂದು ಚಾವಡಿಯಲ್ಲಿ ಕೂತು ಮಗುವಿನ ಹಾಗೆ ಅತ್ತರು. ನಾನು ಅವರನ್ನು ಹಾಗೆ ನೋಡಿದ್ದೇ ಇಲ್ಲ.

ಜನವರಿಯ ಬಿಡುಗಡೆ ಹೇಗೂ ತಪ್ಪಿತು, ಇನ್ನು ಮುಂದೆಯೂ ಸಂಘದವರು ಹಾಲ್ ಕೊಡುವುದಿಲ್ಲ ಎಂದು ಬೋರ್ಡ್ ಹಾಕಿಯಾಗಿದೆ. ನಾಳೆ ಏನು ಮಾಡುತ್ತಾರೋ ಗೊತ್ತಿಲ್ಲ, ಹೆದರಿಕೆ ಉಂಟು. ಆದರೂ ಉಪ್ಪ ನಿನಗೆ ತಿಳಿಸಲು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯುತ್ತಿದ್ದೇನೆ:

“ಮೂಸಬ್ಬ ಒಪ್ಪಿದ್ದು ಬರೀಲಿ. ಆದರೆ ಉಮ್ಮ ನಕ್ಕದ್ದನ್ನು ಬಿಡಬಾರದು ಅಂತ ಹೇಳು. ಅವಳು ನಕ್ಕದ್ದನ್ನು ನಾನು ಒಮ್ಮೆಯೂ ನೋಡಿಲ್ಲ.”

ಸುಹೈಲಾ